ಕೆರೆಯದೆ ಉಳಿದ ಮೂಲೆ

ಹೇರ್ ಡ್ರೈಯರಿನ ಬಿಸಿಗಾಳಿಗೆ ಕೆಂಪು ಪೆಟ್ಟಿಗೆಯೊಳಗಿನ ಕರಿ ಅಂಟು ಮೆತ್ತಗಾಗುತ್ತ ಬಂತು. ಅಕ್ಕ ಬ್ಲೇಡಿನ ತುದಿಯನ್ನು ಒಳಗೆ ತೂರಿಸಿ ಉಗುರಿನಷ್ಟು ಅಗಲದ ಚೂರೊಂದನ್ನು ಎಬ್ಬಿಸಿದಳು. ಊಟದ ಮೇಜಿಗೆ ಹಾಸಿದ್ದ ಹಳೆಯ ಪತ್ರಿಕೆಯ ಮೇಲೆ ಅದು ಟಕ್ಕೆಂದು ಬಿತ್ತು. ಅದರ ಕೆಳಗಿನಿಂದ ಮೆಣಸಿನಕಾಳಿಗಿಂತ ತುಸು ದೊಡ್ಡದಾದ, ಮೂರು ಕಾಲಿನ ಕರಿ ವಸ್ತುವೊಂದು ಇಣುಕಿತು.

ಟ್ರಾನ್ಸಿಸ್ಟರ್.

ಇಡೀ ಪೆಟ್ಟಿಗೆಯ ಜೀವ ಇರುವುದೇ ಅದರಲ್ಲಿ. ಗಿಟಾರಿನವನು ಹಾಡಿನ ನಡುವೆ ತನ್ನ ಸರದಿ ಬಂದಾಗ ಕಾಲಲ್ಲಿ ಸ್ವಿಚ್ಚು ಒತ್ತುತ್ತಾನೆ. ತಂತಿಯಿಂದ ಬಂದ ಸಣ್ಣ ಸದ್ದನ್ನು ಈ ಕಾಳು ಎತ್ತಿ ಹಿಡಿಯುತ್ತದೆ. ಡ್ರಮ್ಮು ಗಿಮ್ಮು ಎಲ್ಲವನ್ನೂ ದಾಟಿ ಅವನ ಗಿಟಾರು ಕೇಳುತ್ತದೆ. ಬೂಸ್ಟ್ ಪೆಡಲ್ ಅಂದರೆ ಇಷ್ಟೇ. ಸದ್ದು ಏರಬೇಕು, ಆದರೆ ಅದರ ಗುಣ ಕೆಡಬಾರದು. ಇಷ್ಟಕ್ಕೇ ಅಕ್ಕನ ತಮ್ಮ ತಲೆಗೂದಲು ಉದುರಿಸಿಕೊಂಡು, 'ಗುಬ್ಬಿ' ಎಂಬ ಬೂದು ಬಣ್ಣದ ಪುಟ್ಟ ಪೆಟ್ಟಿಗೆಯನ್ನು ರೂಪಿಸಿದ್ದ. ಗುಬ್ಬಿ ಅಂಗಡಿಗೆ ಹೋಗುವ ಮೊದಲೇ ಎದುರಾಳಿಗಳ ಈ ಕೆಂಪು ಪೆಟ್ಟಿಗೆ ಅಂಗಡಿಯಲ್ಲಿ ಕೂತಿತ್ತು.

ಅಕ್ಕ ಭೂತಗನ್ನಡಿ ಹಿಡಿದು ಬಗ್ಗಿದಳು. ಟ್ರಾನ್ಸಿಸ್ಟರಿನ ಒಂದು ಮೈ ಗುಂಡಗೆ, ಇನ್ನೊಂದು ಮೈ ಚಪ್ಪಟೆ. ಗುಬ್ಬಿಯಲ್ಲಿ ಆ ಚಪ್ಪಟೆ ಮೈ ಸ್ವಿಚ್ಚಿನ ಕಡೆ ನೋಡುತ್ತದೆ. ಕೆಂಪು ಪೆಟ್ಟಿಗೆಯಲ್ಲಿ ಅದು ನಾಬಿನ ಕಡೆ ನೋಡುತ್ತಿತ್ತು.

ಉಲ್ಟಾ.

ಹೋದ ವಾರ ಇದೇ ಕೆಂಪು ಪೆಟ್ಟಿಗೆಯನ್ನು ಹಿಡಿದು, ತಮ್ಮನ ಕಾರ್ಖಾನೆಯ ನಟ್ಟನಡುವೆ ನಿಂತು, ಬೆಸುಗೆ ಹಾಕುವ ಮೇಷ್ಟ್ರ ಕಡೆ ಬೆರಳು ತೋರಿಸಿ ಕಳ್ಳ ಇವರೇ ಎಂದು ಹೇಳಿದವಳು ಅವಳು.

ಹೇಳಿದ್ದೇನು ಕಡಿಮೆ ಗತ್ತಿನಲ್ಲೇ? ವಿಮಾ ಕಂಪನಿಯಲ್ಲಿ ಕೂದಲು ಬೆಳ್ಳಗಾಗುವ ತನಕ ಕೆಲಸ ಮಾಡಿದ ಹೆಂಗಸು. ಸುಟ್ಟ ಗೋದಾಮಿನ ಬೂದಿ ಕೆದಕಿ, ಬೆಂಕಿ ತಾನಾಗಿ ಹತ್ತಿದ್ದೋ ಯಾರೋ ಹಚ್ಚಿದ್ದೋ ಎಂದು ಹೇಳುವುದು ಅವಳ ಕಸುಬಾಗಿತ್ತು. ಬೀದಿಯವರು ಅವಳಿಗೆ ಇಟ್ಟ ಹೆಸರೇ ಭೂತಗನ್ನಡಿ. ನಿವೃತ್ತಿಯಾದ ಮೇಲೂ ಕಳೆದ ಉಂಗುರ, ಕಾಣೆಯಾದ ಸೈಕಲ್ಲು ಎಂದು ಜನ ಹುಡುಕಿಕೊಂಡು ಬರುತ್ತಿದ್ದರು. ಬಂದವರ ಮುಂದೆ ಅವಳೂ ಸ್ವಲ್ಪ ಬಿಗಿಯಾಗಿಯೇ ಕೂರುತ್ತಿದ್ದಳು. ಇರಲಿ, ಆ ಬಿಗಿಯೆಲ್ಲ ಈಗ ಮೇಜಿನ ಮೇಲೆ ಕರಿ ಚೂರುಗಳ ಜೊತೆ ಬಿದ್ದಿತ್ತು.

ತಪ್ಪು ನಡೆದದ್ದು ಹೀಗೆ. ತಮ್ಮ ತಾನು ರೂಪಿಸುವ ಪ್ರತಿ ಪೆಡಲಿನಲ್ಲೂ ಕೆಲಸಕ್ಕೆ ಬಾರದ ಒಂದು ರೆಸಿಸ್ಟರನ್ನು ಕೂರಿಸುತ್ತಾನೆ. ಅದರ ಒಂದು ಕಾಲಿಗೆ ಬೆಸುಗೆ ಇರುತ್ತದೆ, ಇನ್ನೊಂದು ಕಾಲು ಎಲ್ಲಿಗೂ ಹೋಗುವುದಿಲ್ಲ. ಕದ್ದು ನಕಲು ಮಾಡುವವನು ಅದನ್ನೂ ಸೇರಿಸಿ ನಕಲು ಮಾಡಿ ಸಿಕ್ಕಿಬೀಳಲಿ ಎಂಬ ಉಪಾಯ. ಕಾರ್ಖಾನೆಯಲ್ಲಿ ಅದಕ್ಕೆ ದೃಷ್ಟಿಬೊಟ್ಟು ಎನ್ನುತ್ತಾರೆ. ಬಿಡಿಭಾಗಗಳು ಕೂರುವ ಬೋರ್ಡಿನ ಮೇಲೆ ಕರಿ ಅಂಟು ಸುರಿದುಬಿಟ್ಟರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಟು ಸುರಿಯುವವನು ತಮ್ಮ. ಅದಕ್ಕೆ ಮೊದಲು ಬರೀ ಬೋರ್ಡನ್ನು ಮುಟ್ಟುವವರು ಮೇಷ್ಟ್ರು ಒಬ್ಬರೇ. ಕೆಂಪು ಪೆಟ್ಟಿಗೆಯ ಅಂಟು ಕೆರೆದಾಗ ದೃಷ್ಟಿಬೊಟ್ಟು ಸಿಕ್ಕಿತು. ತನ್ನದನ್ನು ತಾನೇ ಯಾರಾದರೂ ಕದಿಯುತ್ತಾರೆಯೇ? ಹಾಗಾಗಿ ಉಳಿದವರು ಮೇಷ್ಟ್ರು.

ಬೇಕಾದದ್ದು ಸಿಕ್ಕಿದ ಕೂಡಲೇ ಅಕ್ಕ ಬ್ಲೇಡು ಕೆಳಗಿಟ್ಟಿದ್ದಳು. ಮುಕ್ಕಾಲು ಪಾಲು ಅಂಟು ಇನ್ನೂ ಹಾಗೇ ಇತ್ತು. ಪಕ್ಕದಲ್ಲಿ ನಿಂತಿದ್ದ ತಮ್ಮ ಅವಳ ಕೈಮೇಲೆ ಕೈಯಿಟ್ಟು, ಸಾಕು ಬಿಡಕ್ಕ, ಸಿಕ್ತಲ್ಲ ಎಂದಿದ್ದ. ಅವಳಿಗೂ ಸಾಕೆನಿಸಿತ್ತು. ಬೂದಿಯನ್ನು ಜರಡಿ ಹಿಡಿದು ನೋಡದೆ ಒಂದು ಸಹಿಯನ್ನೂ ಹಾಕದಿದ್ದ ಹೆಂಗಸು, ಒಬ್ಬ ಮನುಷ್ಯನ ಮಾನದ ವಿಷಯಕ್ಕೆ ಬಂದಾಗ ಕಾಲು ಭಾಗ ನೋಡಿ ಕೈ ತೊಳೆದುಕೊಂಡಿದ್ದಳು. ಗಿಟಾರು ಬಾರಿಸಿ ಪೆಡಲುಗಳನ್ನು ಪರೀಕ್ಷೆ ಮಾಡುವ ಕಿವುಡ (ಅವನಿಗೆ ಕಿವಿ ಚುರುಕಾಗಿಯೇ ಇದೆ, ಗಿಟಾರಿನ ಆಂಪ್ಲಿಫೈಯರನ್ನು ಅಷ್ಟು ಜೋರಾಗಿ ಇಟ್ಟುಕೊಳ್ಳುವುದಕ್ಕೆ ಬಂದ ಹೆಸರು ಅದು) ಅವತ್ತೇ ಹೇಳಿದ್ದ, ಕೆಂಪಿನದು ಗುಬ್ಬಿಗಿಂತ ಮೆತ್ತಗೆ ಏರುತ್ತೆ, ಎರಡೂ ಒಂದೇ ಅಲ್ಲ ಎಂದು. ಅವಳು ಅದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಿವುಡರು ಯಾರು ಎಂದು ಈಗ ಹೇಳಬೇಕಾಗಿಲ್ಲ.

ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮನೆಯಲ್ಲಿ ನೋಡುವವರು ಯಾರೂ ಇರಲಿಲ್ಲ, ಆದರೂ ಮುಚ್ಚಿಕೊಂಡಳು.

ಉಲ್ಟಾ ಟ್ರಾನ್ಸಿಸ್ಟರಿನ ಕಥೆ ಈ ಮನೆಯವರಿಗೆಲ್ಲ ಬಾಯಿಪಾಠ. ತಮ್ಮ ತನ್ನ ಮೊಟ್ಟಮೊದಲ ಪೆಡಲನ್ನು ಮಾಡಿದ್ದು ಇದೇ ಊಟದ ಮೇಜಿನ ಮೇಲೆ. ಅವನು ಎಡಚ, ಬೋರ್ಡನ್ನು ತಿರುಗಿಸಿ ಹಿಡಿದು ಬೆಸುಗೆ ಹಾಕುವ ಅಭ್ಯಾಸ. ಹಾಗಾಗಿ ಟ್ರಾನ್ಸಿಸ್ಟರು ಹಿಂದುಮುಂದಾಗಿ ಕೂತುಬಿಟ್ಟಿತ್ತು. ನ್ಯಾಯವಾಗಿ ಸದ್ದು ಹೊರಡಲೇಬಾರದಿತ್ತು. ಆದರೆ ಹೊರಟಿತು. ಜೋರಾಗಿ ಅಲ್ಲ, ದಿಂಬಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ. ತಪ್ಪು ಗೊತ್ತಾದ ಮೇಲೆ ತಮ್ಮ ತಲೆ ಚಚ್ಚಿಕೊಂಡು ನಕ್ಕು, ಮುಂದಿನವನ್ನೆಲ್ಲ ಸರಿಯಾಗಿ ಮಾಡಿದ. ಆ ಮೊದಲನೆಯದಕ್ಕೆ 'ಉಲ್ಟಾ' ಎಂದೇ ಹೆಸರಿಟ್ಟು, ಅಕ್ಕನ ಮಗಳು ಗಿಟಾರು ಕಲಿಯತೊಡಗಿದಾಗ ಅವಳ ಕೈಗೆ ಕೊಟ್ಟ. ಮೇಷ್ಟ್ರು ಆಗ ಕಾರ್ಖಾನೆಗೆ ಸೇರಿಯೇ ಇರಲಿಲ್ಲ. ಉಲ್ಟಾದ ಒಳಗನ್ನು ಅವರು ಕಂಡವರೇ ಅಲ್ಲ. ಅವರು ಕದ್ದಿದ್ದರೆ ತಾವು ದಿನಾ ಕೂರಿಸುವ ಹಾಗೆ ಸರಿಯಾಗಿ ಕೂರಿಸುತ್ತಿದ್ದರು.

ಅಂಥ ತಪ್ಪಿನ ಪೆಟ್ಟಿಗೆ ಪ್ರಪಂಚದಲ್ಲಿ ಒಂದೇ ಒಂದು. ಅದಿರುವುದು ಇದೇ ಮನೆಯಲ್ಲಿ, ಮಗಳ ಕೋಣೆಯಲ್ಲಿ. ಸಂಜೆಗೆ ತಮ್ಮ ಪೊಲೀಸ್ ಠಾಣೆಗೆ ಹೋಗಿ ಮೇಷ್ಟ್ರ ಮೇಲೆ ದೂರು ಕೊಡುವವನಿದ್ದ. ಸಾಕ್ಷಿ ಹೇಳಬೇಕಾದವಳು ಅಕ್ಕ, ಅದಕ್ಕೇ ಉಳಿದ ಅಂಟನ್ನೂ ಕೆರೆದು ನೋಡಲು ಕೂತಿದ್ದಳು.

ಅಕ್ಕ ಎದ್ದು ಮಗಳ ಕೋಣೆಗೆ ಹೋದಳು.

ಮಗಳು ಮಂಚದ ಮೇಲೆ ಕಾಲು ಮಡಚಿ ಕೂತು ಗಿಟಾರಿಗೆ ಹೊಸ ತಂತಿ ಏರಿಸುತ್ತಿದ್ದಳು. ಕಾಲೇಜು ಮುಗಿಸುವ ವಯಸ್ಸು, ಮೂಗಿನ ತುದಿಯಲ್ಲೇ ಕೋಪ. ಬಲಗೈ ಹೆಬ್ಬೆರಳಿಗೆ ಬಿಳಿ ಟೇಪು ಸುತ್ತಿತ್ತು. ಏನಾಯಿತೆಂದು ಕೇಳಿದ್ದಕ್ಕೆ ತಂತಿ ಕುಯ್ಯಿತು ಎಂದಳು.

ಅಕ್ಕ ಕುಳಿತುಕೊಳ್ಳಲಿಲ್ಲ. ಉಲ್ಟಾವನ್ನು ಯಾರ ಕೈಗೆ ಕೊಟ್ಟಿದ್ದೆ ಎಂದು ನೇರವಾಗಿ ಕೇಳಿದಳು. ಯಾರಿಗೂ ಇಲ್ಲ ಎಂದಳು ಮಗಳು. ಗೆಳತಿಯರಿಗೆ? ಇಲ್ಲ. ಗಿಟಾರ್ ಕ್ಲಾಸಿನಲ್ಲಿ? ಇಲ್ಲ. ರಿಪೇರಿಗೆ? ಕೆಟ್ಟಿದ್ದರೆ ತಾನೇ! ಸರಿಯಾಗಿ ನೆನಪು ಮಾಡಿಕೊ ಎಂದು ಅಕ್ಕ ಗಟ್ಟಿಯಾಗಿ ಹೇಳಿದಾಗ, ಆ ದನಿ ಎಲ್ಲಿಯದೆಂದು ಅವಳಿಗೇ ಹೊಳೆಯಿತು. ಗೋದಾಮು ಸುಟ್ಟುಕೊಂಡ ವ್ಯಾಪಾರಿಗಳ ಮುಂದೆ ಕೂತು ಕೇಳುತ್ತಿದ್ದ ದನಿ ಅದು.

ಮಗಳು ಗಿಟಾರನ್ನು ಪಕ್ಕಕ್ಕಿಟ್ಟಳು. ಮಂಚದ ಕೆಳಗಿನಿಂದ ಉಲ್ಟಾವನ್ನು ಎಳೆದು, ಬೋರಲು ಹಾಕಿ ತಾಯಿಯ ಮುಂದೆ ಹಿಡಿದಳು. ತಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಒಂದೊಂದರ ತಲೆಯ ಮೇಲೂ ಹಸಿರು ಬಣ್ಣದ ಒಂದೊಂದು ಹನಿ, ಒಣಗಿ ಗಟ್ಟಿಯಾಗಿತ್ತು.

"ಮಾವ ಹಾಕಿದ್ದು. ಸ್ಕ್ರೂ ತಿರುಗಿಸಿದ್ರೆ ಬಣ್ಣ ಬಿರಿಯುತ್ತೆ. ಬಿರಿದಿದ್ಯಾ, ನೀನೇ ನೋಡು."

ನೋಡದೆ ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಮಗಳ ಮಾತು ಸಾಕು ಎಂದು ಬಿಡಬಹುದಿತ್ತು. ಆದರೆ ಅಕ್ಕನ ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಗಿ ಭೂತಗನ್ನಡಿಯನ್ನು ತೆಗೆಯಿತು. ನಾಲ್ಕೂ ಹನಿಗಳನ್ನು ಒಂದಾದ ಮೇಲೊಂದು ನೋಡಿದಳು. ಎಲ್ಲೂ ಕೂದಲೆಳೆಯಷ್ಟು ಬಿರುಕಿರಲಿಲ್ಲ. ತಲೆಯೆತ್ತಿದಾಗ ಮಗಳ ಕಣ್ಣು ತುಂಬಿತ್ತು.

"ನನ್ ಕಡೆಗೂ ಬೆರಳು ತೋರಿಸ್ತೀಯೇನಮ್ಮ?"

ಒಂದು ವಾರದಲ್ಲಿ ಎರಡನೆಯ ಸಲ ತಪ್ಪು ಬಾಗಿಲು ಬಡಿದಿದ್ದಳು, ಅದರಲ್ಲೂ ಇದು ತನ್ನ ಮನೆಯದೇ ಬಾಗಿಲು. ಮಗಳ ತಲೆ ಸವರಲು ಹೋದಳು. ಮಗಳು ತಲೆ ಸರಿಸಿಕೊಂಡಳು. ಅಕ್ಕ ಹೊರಗೆ ಬರುವಾಗ ಹಿಂದಿನಿಂದ ಮಗಳು ಸಣ್ಣ ದನಿಯಲ್ಲಿ ಕೇಳಿದಳು, ಮೇಷ್ಟ್ರನ್ನ ನಿಜವಾಗ್ಲೂ ಪೊಲೀಸ್ನೋರು ಕರ್ಕೊಂಡು ಹೋಗ್ತಾರಾ ಎಂದು. ಹೋಗಲು ಬಿಡುವುದಿಲ್ಲ ಎಂದು ಅಕ್ಕ ಹೇಳಿದಳು. ಮಗಳು ಮತ್ತೇನೋ ಹೇಳಲು ಬಾಯಿ ತೆರೆದು, ಸುಮ್ಮನಾಗಿ, ತಂತಿಯ ಕಡೆ ತಿರುಗಿದಳು.

ಅಡುಗೆಮನೆಯಲ್ಲಿ ನಿಂತು ಅಕ್ಕ ಎರಡು ಲೋಟ ನೀರು ಕುಡಿದಳು. ಉಲ್ಟಾವನ್ನು ಯಾರೂ ತೆರೆದಿಲ್ಲ ಎಂದರೆ, ಯಾರೂ ಅದನ್ನು ನೋಡಿ ನಕಲು ಮಾಡಿಲ್ಲ. ಹಾಗಿದ್ದರೆ ಕೆಂಪು ಪೆಟ್ಟಿಗೆಯೊಳಗೆ ಅದೇ ತಪ್ಪು ಹೇಗೆ ಬಂತು? ಒಮ್ಮೆ ಅಂಥ ತಪ್ಪು ಮಾಡಿದ ಕೈಗೆ ಮಾತ್ರ ಅದನ್ನು ಮತ್ತೊಮ್ಮೆ ಮಾಡಲು ಗೊತ್ತು.

ಆ ಯೋಚನೆ ಹೊಸ್ತಿಲವರೆಗೆ ಬಂತು. ಅಕ್ಕ ದಢಾರನೆ ಬಾಗಿಲು ಹಾಕಿಬಿಟ್ಟಳು. ಅಮ್ಮ ಹೋದಮೇಲೆ ಅವಳೇ ಕೈತುತ್ತು ಹಾಕಿ, ತಲೆ ಬಾಚಿ ಬೆಳೆಸಿದ ಹುಡುಗ ಆ ತಮ್ಮ. ಮೊದಲು ಮೇಷ್ಟ್ರು, ಉಳಿದದ್ದು ಆಮೇಲೆ ಎಂದುಕೊಂಡು, ಕೆಂಪು ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿ ಹೊರಟಳು.

ಮೇಷ್ಟ್ರ ಮನೆ ಇದ್ದದ್ದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಬ್ಬಿಣದ ಮೆಟ್ಟಿಲು ಏರುವಾಗ ಪ್ರತಿ ಮೆಟ್ಟಿಲೂ ಸದ್ದು ಮಾಡಿ, ಯಾರೋ ಬಂದರೆಂದು ಬೀದಿಗೆಲ್ಲ ಸಾರಿತು. ಬಾಗಿಲು ತೆರೆದವರು ಮೇಷ್ಟ್ರ ಹೆಂಡತಿ. ನೀವಾ ಎಂದರು. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಬಾಗಿಲನ್ನು ತೆರೆದೇ ಬಿಟ್ಟು ಒಳಗೆ ಹೋದರು.

ಮೇಷ್ಟ್ರು ಕಿಟಕಿಯ ಪಕ್ಕ ಕೂತು ಯಾರದೋ ಇಸ್ತ್ರಿಪೆಟ್ಟಿಗೆ ಬಿಚ್ಚಿಕೊಂಡಿದ್ದರು. ಕಾರ್ಖಾನೆಯಲ್ಲಿ ಎಲ್ಲರಿಗೂ ಬೆಸುಗೆ ಕಲಿಸಿದವರೆಂದು ಅವರಿಗೆ ಆ ಹೆಸರು. ಶಾಲೆಯಲ್ಲಿ ಪಾಠ ಹೇಳಿದವರೇನಲ್ಲ. ತಲೆಯೆತ್ತಿ ನೋಡಿ, ಮತ್ತೆ ಸ್ಕ್ರೂಗೆ ಕೈ ಹಾಕಿದರು.

"ಹೇಳಿ ಮೇಡಂ."

ಇಷ್ಟು ವರ್ಷ ಅವರ ಬಾಯಲ್ಲಿ ಅವಳು ಅಕ್ಕ ಆಗಿದ್ದಳು. ಕಾರ್ಖಾನೆಯವರಿಗೆಲ್ಲ ಅವಳು ಅಕ್ಕನೇ. ಆ ಒಂದು ಮೇಡಂ ಎದೆಗೆ ಬಂದು ನಾಟಿತು. ನಿಂತ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು.

ಅಕ್ಕ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಅಡ್ಡಾದಿಡ್ಡಿಯಾದವು. ಪೂರ್ತಿ ನೋಡದೆ ಹೇಳಿಬಿಟ್ಟೆ ಎಂದಳು. ಅಂಟು ಕೆರೆದದ್ದು ಕಾಲು ಭಾಗ ಮಾತ್ರ ಎಂದಳು. ಟ್ರಾನ್ಸಿಸ್ಟರು ಉಲ್ಟಾ ಇರುವುದನ್ನು ಇವತ್ತು ಬೆಳಿಗ್ಗೆ ಕಂಡೆ, ನೀವಲ್ಲ ಎಂದು ಗೊತ್ತಾಯಿತು, ತಪ್ಪಾಯಿತು, ಕ್ಷಮಿಸಬೇಕು ಎಂದಳು. ಹೇಳುತ್ತ ಹೇಳುತ್ತ ಅವಳ ದನಿ ಎಷ್ಟು ಇಳಿಯಿತೆಂದರೆ, ಕೊನೆಯ ಮಾತು ಕೆಳಗಿನ ಟೈರ್ ಅಂಗಡಿಯ ಗಾಳಿ ಯಂತ್ರದ ಸದ್ದಿನಲ್ಲಿ ಮುಳುಗಿಹೋಯಿತು.

ಮೇಷ್ಟ್ರು ಇಸ್ತ್ರಿಪೆಟ್ಟಿಗೆಯ ಮುಚ್ಚಳ ಕೂರಿಸಿ, ಸ್ಕ್ರೂ ಬಿಗಿ ಮಾಡಿದರು. ಅವರಿಗೆ ಅವಸರವೇನೂ ಇರಲಿಲ್ಲ. ಇನ್ನೊಂದು ಕಾರ್ಖಾನೆಯವರು ಕೆಲಸಕ್ಕೆ ಬನ್ನಿ ಎಂದು ವರ್ಷದಿಂದ ಕರೆಯುತ್ತಿದ್ದರಂತೆ. ಈಗ ಇವರು ಫೋನ್ ಮಾಡಿದರೆ ಎತ್ತುತ್ತಿಲ್ಲವಂತೆ. ಹಾಲಿನ ಅಂಗಡಿಯಲ್ಲಿ ಯಾರೋ ಇವರ ಹೆಂಡತಿಯನ್ನು, ನಿಮ್ಮ ಯಜಮಾನರದ್ದು ಏನೋ ಕೇಳಿದೆವಲ್ಲ ಎಂದು ಮಾತಾಡಿಸಿದರಂತೆ. ಇದನ್ನೆಲ್ಲ ಅವರು ದೂರುವ ಹಾಗೆ ಹೇಳಲಿಲ್ಲ. ಮಳೆ ಬಂತು, ಬಿಸಿಲು ಬಂತು ಎಂದು ಹೇಳುವ ಹಾಗೆ ಹೇಳಿದರು. ಅದನ್ನು ಕೇಳುವುದು ಇನ್ನೂ ಕಷ್ಟವಾಯಿತು.

ಅವತ್ತೇ ನೀವು ಒಂದು ಮಾತು ಆಡಿದ್ದರೆ, ಎಂದು ಅಕ್ಕ ಶುರು ಮಾಡಿದಳು.

"ಏನಂತ ಆಡ್ಲಿ? ನೀವು ನನ್ನನ್ನ ಕೇಳ್ಲಿಲ್ಲವಲ್ಲ ಮೇಡಂ. ಹೇಳಿದ್ರಿ, ಅಷ್ಟೇ."

ಒಳಗಿನ ಕೋಣೆಯಲ್ಲಿ ಪಾತ್ರೆ ಎತ್ತಿಡುವ ಸದ್ದು ನಿಂತಿತ್ತು. ಹೆಂಡತಿ ಗೋಡೆಯಾಚೆ ನಿಂತು ಕೇಳಿಸಿಕೊಳ್ಳುತ್ತಿದ್ದಾರೆಂದು ಗೊತ್ತಾಗುತ್ತಿತ್ತು.

ಮೇಷ್ಟ್ರು ಮೊದಲ ಸಲ ಅವಳನ್ನು ದಿಟ್ಟಿಸಿ ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿತ್ತು, ಬಚ್ಚಿಟ್ಟಿರಲಿಲ್ಲ.

"ಇಲ್ಲಿ ಬಂದು ಕ್ಷಮ್ಸಿ ಅಂದ್ರೆ ನನ್ ಹೆಂಡ್ತಿಗೆ ಕೇಳ್ಸುತ್ತೆ. ನಾನು ಕಳ್ಳ ಅಲ್ಲ ಅಂತ ಅವಳಿಗೆ ಮೊದ್ಲೇ ಗೊತ್ತು. ಅವತ್ತು ಎಲ್ಲಿ ನಿಂತು ಅಂದ್ರೋ ಅಲ್ಲೇ ನಿಂತು ಹೇಳಿ. ಯಾರ್ಯಾರು ಕೇಳಿಸ್ಕೊಂಡ್ರೋ ಅವರ ಮುಂದೆ ಹೇಳಿ. ಆವತ್ತಿನಷ್ಟೇ ಜೋರಾಗಿ ಹೇಳ್ಬೇಕು."

ಹೇಳುತ್ತೇನೆ, ಈಗಲೇ ಹೊರಡೋಣ ಎಂದಳು ಅಕ್ಕ. ಅವರು ಎದ್ದು ಶರಟಿನ ಗುಂಡಿ ಹಾಕಿಕೊಳ್ಳುವಾಗ, ಕೆಂಪು ಪೆಟ್ಟಿಗೆಯನ್ನು ಒಮ್ಮೆ ನೋಡಲು ಕೇಳಿದರು. ಅವಳು ಚೀಲದಿಂದ ತೆಗೆದುಕೊಟ್ಟಳು.

ಮೇಷ್ಟ್ರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದರು. ಯಂತ್ರದ ಕೆಲಸ ಅಲ್ಲ, ಕೈಕೆಲಸ ಎಂದರು. ಅಲ್ಲೊಂದು ಇಲ್ಲೊಂದು ಬಿಟ್ಟರೆ ಅಂಟೆಲ್ಲ ಹೋಗಿತ್ತು. ಒಂದು ಕಡೆ ಮಾತ್ರ, ಬ್ಯಾಟರಿಯ ಎರಡು ತಂತಿಗಳು ಒಳಕ್ಕೆ ಬರುವ ಮೂಲೆಯಲ್ಲಿ, ಹೆಬ್ಬೆರಳ ಗಾತ್ರದ ಕರಿ ಗಡ್ಡೆ ಉ‍ಳಿದಿತ್ತು. ಮೇಷ್ಟ್ರ ಬೆರಳು ಅಲ್ಲಿ ನಿಂತಿತು.

"ಇದನ್ನ್ಯಾಕೆ ಬಿಟ್ರಿ?"

ಟ್ರಾನ್ಸಿಸ್ಟರು ಕಂಡ ಮೇಲೆ ಮುಂದೆ ಕೆರೆಯಲಿಲ್ಲ ಎಂದು ಹೇಳುವಾಗ ಅಕ್ಕನ ಕಿವಿಯೆಲ್ಲ ಬಿಸಿಯಾಯಿತು. ಮತ್ತೆ ಅದೇ ತಪ್ಪು. ಬೇಕಾದದ್ದು ಸಿಕ್ಕಿತೆಂದು ಮತ್ತೆ ಕೈ ನಿಲ್ಲಿಸಿದ್ದಳು. ಮೇಷ್ಟ್ರು ನಗಲಿಲ್ಲ, ಬೈಯಲೂ ಇಲ್ಲ.

ಬ್ಯಾಟರಿ ಬದಲಾಯಿಸುವಾಗ ಜನ ತಂತಿ ಹಿಡಿದು ಎಳೆಯುತ್ತಾರೆ, ಬೆಸುಗೆ ಕಿತ್ತುಬರುತ್ತದೆ. ಅದಕ್ಕೇ ತಂತಿ ಒಳಬರುವ ಜಾಗದಲ್ಲಿ ಒಂದು ಗಂಟು ಹಾಕುವುದು ಮೇಷ್ಟ್ರ ಪದ್ಧತಿ. ಬೇರೆ ಕಡೆ ಎಲ್ಲ ಅಲ್ಲಿಗೆ ಪ್ಲಾಸ್ಟಿಕ್ ಕ್ಲಿಪ್ಪು ಸಿಕ್ಕಿಸುತ್ತಾರೆ. ಈ ಗಡ್ಡೆ ನೋಡಿದರೆ ಒಳಗಿರುವುದು ಗಂಟು. ಅವರಿಂದ ಅದನ್ನು ಕಲಿತವರು ಮೂರೇ ಜನ, ಎದುರಾಳಿಗಳಿಗೆ ಈ ಪೆಟ್ಟಿಗೆ ಮಾಡಿಕೊಟ್ಟ ಕೈ ಆ ಮೂವರಲ್ಲಿ ಒಬ್ಬರದು. ಒಬ್ಬ ತಮ್ಮ. ಇನ್ನೊಬ್ಬಳು ಪೆಟ್ಟಿಗೆಗಳಿಗೆ ಬಣ್ಣ ಹೊಡೆಯುವಾಕೆ. ಮೂರನೆಯವಳು, ರಜೆಯಲ್ಲಿ ಹಟ ಹಿಡಿದು ಬಂದು ಕೂತು ಕಲಿತ ಅಕ್ಕನ ಮಗಳು.

"ಗಂಟು ಅಂದ್ರೆ ಕೈಬರಹ ಇದ್ದ ಹಾಗೆ. ನಂದು ನೋಡಿದ್ರೆ ನಂದು ಅಂತ ಹೇಳ್ಬಹುದು, ಇನ್ನೊಬ್ರದ್ದು ನೋಡಿದ್ರೆ ಅವರದು ಅಂತ. ಅಲ್ಲಿಗೆ ಹೋಗಿ, ಎಲ್ಲರ ಎದುರು ಇದನ್ನೂ ಕೆರೀರಿ. ನೀವಲ್ಲ ಅಂದ್ರೆ ಸಾಲ್ದು. ಮತ್ತ್ಯಾರು ಅಂತ ಗೊತ್ತಾಗೋವರೆಗೂ ಜನ ನನ್ನನ್ನೇ ನೋಡ್ತಾರೆ."

ಅದೂ ನಿಜವೇ. ಅಕ್ಕ ಹೂಂ ಎಂದಳು. ಹೊರಡುವಾಗ ಮೇಷ್ಟ್ರ ಹೆಂಡತಿ ಬಾಗಿಲ ಬಳಿಗೆ ಒಂದು ಲೋಟ ನೀರು ತಂದು ಹಿಡಿದರು. ಆ ನೀರು ಕುಡಿಯುವ ಯೋಗ್ಯತೆ ತನಗಿಲ್ಲವೆನಿಸಿ ಅಕ್ಕ ಒಂದೇ ಗುಟುಕು ಕುಡಿದು ಲೋಟ ವಾಪಸು ಕೊಟ್ಟಳು.

ದಾರಿಯಲ್ಲಿ ಮೇಷ್ಟ್ರು ಎರಡು ಹೆಜ್ಜೆ ಮುಂದೆಯೇ ನಡೆದರು.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಹಳೆಯ ಮುದ್ರಣಾಲಯದ ಒಂದು ಉದ್ದನೆಯ ಕೋಣೆ. ಒಂದು ಗೋಡೆಗೆ ಬೆಸುಗೆಯ ಮೇಜು, ಇನ್ನೊಂದಕ್ಕೆ ತೂತು ಕೊರೆಯುವ ಯಂತ್ರ, ಕೊನೆಯಲ್ಲಿ ಪರದೆಯ ಹಿಂದೆ ಬಣ್ಣ ಹೊಡೆಯುವ ಜಾಗ. ಮೇಷ್ಟ್ರ ಕುರ್ಚಿಯ ಬೆನ್ನಿಗೆ ಅವರ ಏಪ್ರನ್ ಅವತ್ತು ಬಿಚ್ಚಿಟ್ಟ ಹಾಗೆಯೇ ನೇತಾಡುತ್ತಿತ್ತು. ಅದನ್ನು ತೆಗೆದಿಡಲು ಯಾರಿಗೂ ಮನಸ್ಸು ಬಂದಿರಲಿಲ್ಲ.

ಮೇಷ್ಟ್ರು ಒಳಗೆ ಕಾಲಿಟ್ಟ ಕೂಡಲೇ ಕಿವುಡನ ಗಿಟಾರು ನಿಂತಿತು. ಬಣ್ಣದಾಕೆ ಮುಖಕ್ಕೆ ಕಟ್ಟಿದ ಬಟ್ಟೆಯನ್ನು ಕೆಳಗೆ ಎಳೆದುಕೊಂಡು ಪರದೆಯಾಚೆ ಬಂದಳು. ತಮ್ಮ ತನ್ನ ಮೇಜಿನಿಂದ ಎದ್ದ. ಠಾಣೆಗೆ ಹೊರಡಲೆಂದು ಇಸ್ತ್ರಿ ಮಾಡಿದ ಶರಟು ಹಾಕಿಕೊಂಡಿದ್ದ. ಏನಕ್ಕ ಇದು, ಇವರನ್ನು ಯಾಕೆ ಕರೆತಂದೆ ಎಂದು ನಗುತ್ತಲೇ ಕೇಳಿದ. ಅವನು ಕಷ್ಟದಲ್ಲೂ ನಗುವ ಹುಡುಗ, ಮೊದಲಿನಿಂದಲೂ ಹಾಗೆಯೇ.

ಅಕ್ಕ ಅವತ್ತು ನಿಂತಿದ್ದ ಜಾಗ ಹುಡುಕಿದಳು. ಫ್ಯಾನಿನ ಕೆಳಗೆ, ಸಿಮೆಂಟು ನೆಲ ಬಿರುಕು ಬಿಟ್ಟ ಕಡೆ. ಅಲ್ಲಿ ಹೋಗಿ ನಿಂತಳು. ವಿಮಾ ಕಂಪನಿಯಲ್ಲಿ ಎಷ್ಟು ಜನ ದೊಡ್ಡವರ ಮುಖದ ಮೇಲೆ ಹೊಡೆದ ಹಾಗೆ ಮಾತಾಡಿದ್ದಳು, ತನ್ನ ತಪ್ಪು ಒಪ್ಪಿಕೊಳ್ಳಲು ಹೀಗೆ ನಿಂತದ್ದು ಇದೇ ಮೊದಲು.

"ಹೋದ ವಾರ ಇಲ್ಲೇ ನಿಂತು ನಾನು ಮೇಷ್ಟ್ರನ್ನ ಕಳ್ಳ ಅಂದೆ. ಅದು ಸುಳ್ಳು. ಪೂರ್ತಿ ನೋಡದೆ ಹೇಳಿದೆ. ತಪ್ಪು ನಂದು, ನಾಚಿಕೆಗೇಡಿನ ತಪ್ಪು."

ಸಾಕಷ್ಟು ಜೋರಾಗಿಯೇ ಹೇಳಿದಳು. ಬಣ್ಣದಾಕೆಯ ಕಣ್ಣಲ್ಲಿ ನೀರು ಬಂತು. ಅಕ್ಕನಿಗೆ ಮುಖ ಎತ್ತಲಾಗಲಿಲ್ಲ. ಆದರೂ ಎತ್ತಿದಳು, ಮೇಷ್ಟ್ರ ಕಡೆ ನೋಡಿದಳು. ಅವರು ತಮ್ಮ ಕುರ್ಚಿಯ ಹಿಂದೆ ನಿಂತಿದ್ದರು. ಏಪ್ರನ್ ಮುಟ್ಟಿರಲಿಲ್ಲ.

ಹಾಗಾದರೆ ಕದ್ದವರು ಯಾರು ಎಂದು ಕಿವುಡ ಕೇಳಿದ. ಆ ಪ್ರಶ್ನೆ ಬಂದೇ ಬರುತ್ತದೆಂದು ಮೇಷ್ಟ್ರು ಹೇಳಿರಲಿಲ್ಲವೇ.

ಅಕ್ಕ ಕೆಂಪು ಪೆಟ್ಟಿಗೆಯನ್ನು ಬೆಸುಗೆಯ ಮೇಜಿನ ಮೇಲಿಟ್ಟಳು. ಟ್ರಾನ್ಸಿಸ್ಟರು ಯಾವ ಕಡೆ ನೋಡುತ್ತಿದೆ ಎಂಬುದನ್ನು ಎಲ್ಲರಿಗೂ ತೋರಿಸಿದಳು. ಉ‍ಳಿದ ಮೂಲೆಯನ್ನು ತೋರಿಸಿ, ಇದರೊಳಗೆ ಒಂದು ಗಂಟಿದೆ, ಯಾರ ಗಂಟೆಂದು ಮೇಷ್ಟ್ರೇ ನೋಡಿ ಹೇಳುತ್ತಾರೆ ಎಂದಳು. ಮೇಜಿನ ಮೇಲಿದ್ದ ಬಿಸಿಗಾಳಿಯ ಗನ್ ಹಚ್ಚಿದಳು. ಅಂಟು ಹೊಳೆಯಿತು, ಉಬ್ಬಿತು, ಮೆತ್ತಗಾಯಿತು. ಬ್ಲೇಡು ಕೈಗೆತ್ತಿಕೊಂಡು ಅಂಚಿನಲ್ಲಿ ಮೊದಲ ಗೀರು ಎಳೆದಳು. ಸಣ್ಣ ಚೂರೊಂದು ಎದ್ದುಬಂತು. ಒಳಗೆ ಕೆಂಪು ತಂತಿಯ ಒಂದು ಬಾಗು ಕಂಡಿತು, ಅದರ ಮೇಲೆ ಕಪ್ಪು ತಂತಿ.

ಅಷ್ಟರಲ್ಲಿ ಅವಳ ಕೈಮೇಲೆ ಒಂದು ಕೈ ಬಂತು. ಎಡಗೈ. ಬೆಚ್ಚಗಿತ್ತು, ಬೆವರಿತ್ತು.

ತಮ್ಮ ಈಗ ನಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಗಾಜು ಒಡೆದು ಬಂದು ನಿಲ್ಲುತ್ತಿದ್ದಾಗಿನ ಮುಖ ಅದು. ಅಕ್ಕನಿಗೆ ಆ ಮುಖ ಚೆನ್ನಾಗಿ ಗೊತ್ತು. ಬೆಳಿಗ್ಗೆ ಮನಸ್ಸಿನಲ್ಲಿ ದಢಾರನೆ ಹಾಕಿದ್ದ ಬಾಗಿಲು ತಾನಾಗಿ ತೆರೆದುಕೊಂಡಿತು. ನೀನಾ, ಎಂದು ಕೇಳಲು ಅವಳು ಬಾಯಿ ತೆರೆದಳು.

ಅವನು ಬಗ್ಗಿ, ಅವಳಿಗೊಬ್ಬಳಿಗೇ ಕೇಳುವ ಹಾಗೆ ಕಿವಿಯಲ್ಲಿ ಹೇಳಿದ.

"ಸಾಕು ಬಿಡಕ್ಕ. ಅದು ನಿನ್ ಮಗಳು ಹಾಕಿದ ಗಂಟು."

ಅಕ್ಕನ ಕಣ್ಣ ಮುಂದೆ ಬಿಳಿ ಟೇಪು ಸುತ್ತಿದ ಹೆಬ್ಬೆರಳು ಬಂತು. ತಂತಿ ಕುಯ್ದರೆ ಗಾಯ ಬೆರಳ ತುದಿಯಲ್ಲಿ ಆಗುತ್ತದೆ. ಟೇಪು ಸುತ್ತಿದ್ದು ಗೆಣ್ಣಿನ ಮೇಲೆ, ಬೆಸುಗೆ ಹಾಕುವ ಬಿಸಿ ಐರನ್ ತಗಲುವ ಜಾಗದಲ್ಲಿ. ಇವನು ತನ್ನನ್ನು ಉಳಿಸಿಕೊಳ್ಳಲು ಹೇಳುತ್ತಿದ್ದಾನೋ, ನಿಜವನ್ನೇ ಹೇಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ತಿಳಿಯಬೇಕಾದರೆ ಇನ್ನು ನಾಲ್ಕು ಗೀರು ಎಳೆದರೆ ಸಾಕಿತ್ತು. ಅಂಟು ಆಗಲೇ ಆರಿ ಗಟ್ಟಿಯಾಗತೊಡಗಿತ್ತು.

ಮೇಜಿನ ಆಚೆಯಿಂದ ಮೇಷ್ಟ್ರು ಅವಳ ಕೈಯನ್ನೇ ನೋಡುತ್ತಿದ್ದರು.

"ಯಾಕೆ ಮೇಡಂ," ಎಂದರು ಅವರು, "ಮತ್ತೆ ನಿಲ್ಲಿಸಿಬಿಟ್ರಾ?"